ಪಕ್ಕದಲ್ಲಿ ಕುಣಿದ ಮಗುವಿನ ಹೆಸರೇನು?

ಪುಣೆಯ ಕನ್ನಡ-ತುಳು ಸಂಘಟನೆಗಳ ಯಾವುದೇ ವಾರ್ಷಿಕೋತ್ಸವಕ್ಕೆ ಹೋದರೂ ವೇದಿಕೆಯಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ. “ಯುವಪೀಳಿಗೆ ಸಂಘದ ಕಡೆಗೆ ಬರುತ್ತಿಲ್ಲ, ಅವರನ್ನು ಕರೆತರುವ ಜವಾಬ್ದಾರಿ ಪಾಲಕರದ್ದು” ಎಂದು ಅಧ್ಯಕ್ಷರು ಹೇಳುತ್ತಾರೆ. ಮುಖ್ಯ ಅತಿಥಿಗಳೂ ಅದನ್ನೇ ಹೇಳುತ್ತಾರೆ. ಗೌರವ ಅತಿಥಿಗಳು “ಈಗಾಗಲೇ ತಿಳಿಸಿದಂತೆ” ಎಂದು ಸೇರಿಸಿ ಮತ್ತೊಮ್ಮೆ ಹೇಳುತ್ತಾರೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಕಾರಣಗಳನ್ನೂ ಅಲ್ಲೇ ಪಟ್ಟಿ ಮಾಡಲಾಗುತ್ತದೆ: ಮೊಬೈಲ್, ಇಂಗ್ಲಿಷ್ ಮಾಧ್ಯಮ, ಪಾಶ್ಚಾತ್ಯ ಸಂಸ್ಕೃತಿ.

ಆದರೆ ಈಗ ಬಾರದಿರುವ ಯುವಕ-ಯುವತಿಯರು ಹತ್ತು-ಹನ್ನೆರಡು ವರ್ಷಗಳ ಹಿಂದೆ ಬರುತ್ತಿದ್ದರಲ್ಲ! ಇದೇ ವೇದಿಕೆಯ ಮೇಲೆ ಕಿರೀಟ ಕಟ್ಟಿಕೊಂಡು, ಗೆಜ್ಜೆ ಕಟ್ಟಿಕೊಂಡು ಕುಣಿದಿದ್ದರು. ಮನೆಯ ಶೋಕೇಸಿನಲ್ಲಿ ಅವರ ಪ್ರಶಸ್ತಿ ಫಲಕಗಳು ಈಗಲೂ ಇವೆ. ಬರುತ್ತಿದ್ದವರು ಯಾಕೆ ಬರುವುದನ್ನು ನಿಲ್ಲಿಸಿದರು ಎಂದು ಯಾವ ಮಹಾಸಭೆಯಲ್ಲೂ ಚರ್ಚೆಯಾಗುವುದಿಲ್ಲ. ಚರ್ಚೆಯಾದರೆ ಉತ್ತರಕ್ಕಾಗಿ ಮೊಬೈಲ್‌ವರೆಗೆ ಹೋಗುವ ಅಗತ್ಯವಿಲ್ಲ. ಅದು ಸಭಾಂಗಣದ ಹಿಂಬದಿಯ ಗ್ರೀನ್ ರೂಮಿನಲ್ಲೇ ಸಿಗುತ್ತದೆ.

ಕಾರ್ಯಕ್ರಮದ ದಿನವನ್ನು ಮಗುವಿನ ಕಡೆಯಿಂದ ನೋಡಬೇಕು. ಆಮಂತ್ರಣ ಪತ್ರಿಕೆಯಲ್ಲಿ ಸಂಜೆ ಐದು ಗಂಟೆ ಎಂದಿರುತ್ತದೆ. ನೃತ್ಯದ ಮಕ್ಕಳು ನಾಲ್ಕಕ್ಕೇ ಬರಬೇಕು, ಮೇಕಪ್ ಎರಡೂವರೆಗೆ ಶುರು. ಮಧ್ಯಾಹ್ನದ ಊಟ ಗಡಿಬಿಡಿಯಲ್ಲಿ ಅರ್ಧ ಹೊಟ್ಟೆ. ಜರಿಯ ಬಟ್ಟೆ ಕುತ್ತಿಗೆಗೆ ಚುಚ್ಚುತ್ತದೆ, ಸೊಂಟದಲ್ಲಿ ಹತ್ತು ಸೇಫ್ಟಿಪಿನ್. ನೀರು ಕೇಳಿದರೆ “ಲಿಪ್‌ಸ್ಟಿಕ್ ಹೋಗುತ್ತೆ, ಆಮೇಲೆ ಕುಡಿ” ಎನ್ನುವ ಉತ್ತರ. ಮೂತ್ರಕ್ಕೆ ಹೋಗಬೇಕೆಂದರೆ ಪಿನ್ನುಗಳನ್ನೆಲ್ಲ ಬಿಚ್ಚಬೇಕು, ಹಾಗಾಗಿ ಅದೂ ಆಮೇಲೆ. ದೀಪ ಬೆಳಗುವಾಗ ಆರೂವರೆ. ವೇದಿಕೆಯಲ್ಲಿ ಹನ್ನೆರಡು ಗಣ್ಯರು, ಹನ್ನೆರಡು ಪುಷ್ಪಗುಚ್ಛ, ಆರು ಶಾಲು, ಆರು ಹಾರ, ಆರು ಫಲತಾಂಬೂಲ, ಪ್ರತಿಯೊಂದಕ್ಕೂ ಪರಿಚಯ ಭಾಷಣ. ಮಕ್ಕಳ ನೃತ್ಯಕ್ಕೆ ಒಂಬತ್ತೂವರೆಗೆ ಕರೆ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಡು ಸಿಗುವುದಿಲ್ಲ, ಇನ್ನೈದು ನಿಮಿಷ. ಕೊನೆಗೆ ನಾಲ್ಕು ನಿಮಿಷ ಕುಣಿದು ಇಳಿದ ಮಗುವನ್ನು ಅಪ್ಪ-ಅಮ್ಮ ಕೈಹಿಡಿದು ಸಾಲು ಸಾಲಾಗಿ ಪರಿಚಯ ಮಾಡಿಸುತ್ತಾರೆ. “ಅಂಕಲ್‌ಗೆ ನಮಸ್ಕಾರ ಹೇಳು, ಆಂಟಿಗೆ ನಮಸ್ಕಾರ ಹೇಳು, ಯಾಕೋ ಇವತ್ತು ಮುದ್ದೆ ಥರ ನಿಂತಿದೀಯಾ?” ಹತ್ತೂಮುಕ್ಕಾಲಕ್ಕೆ ಊಟದ ಸಾಲು. ಅಷ್ಟು ಹೊತ್ತಿಗೆ ಮಗು ಅಪ್ಪನ ಹೆಗಲ ಮೇಲೆ ನಿದ್ದೆ. ನಿಗಡಿಯವರೋ ಹಡಪ್ಸರದವರೋ ಮನೆ ಮುಟ್ಟುವಾಗ ಹನ್ನೆರಡು.

ಈ ಒಂಬತ್ತು ಗಂಟೆಗಳಲ್ಲಿ ಆ ಮಗು ಎಷ್ಟು ಮಕ್ಕಳ ಜತೆ ಮಾತಾಡಿತು? ತನ್ನ ಬಲಗೈ ಹಿಡಿದು ಕುಣಿದ ಹುಡುಗಿಯ ಹೆಸರು ಅದಕ್ಕೆ ಗೊತ್ತೇ? ಮರುದಿನ ಯಾರಾದರೂ ಕೇಳಿ ನೋಡಬಹುದು. “ಹಸಿರು ಡ್ರೆಸ್‌ನವಳು” ಎಂಬ ಉತ್ತರ ಬಂದರೆ ಆಶ್ಚರ್ಯ ಬೇಡ.

ಮಕ್ಕಳು ಬೆರೆಯುವುದಿಲ್ಲ, ನಾಚಿಕೆ ಸ್ವಭಾವ, ಯಾರು ಬಂದರೂ ರೂಮಿನೊಳಗೆ ಓಡುತ್ತಾರೆ ಎಂದು ದೂರುವ ಪಾಲಕರ ಸಂಖ್ಯೆ ಕಡಿಮೆಯಿಲ್ಲ. ಇಂಥವರು ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ದುಡ್ಡು ಕಟ್ಟುವ ಮೊದಲು ಮಗುವಿನ ಮೈಯ ಕಡೆ ನೋಡಬೇಕು. ಹಸಿದ, ನಿದ್ದೆಗೆಟ್ಟ, ತುರಿಕೆಯ ಬಟ್ಟೆ ತೊಟ್ಟ, ಮೂತ್ರ ತಡೆದುಕೊಂಡ ಮಗು ಯಾರ ಜತೆಗೂ ಬೆರೆಯುವುದಿಲ್ಲ. ದೊಡ್ಡವರೂ ಬೆರೆಯುವುದಿಲ್ಲ. ಬಿಗಿ ಬೂಟು ಹಾಕಿ ಮದುವೆಗೆ ಹೋದ ಗಂಡಸು ಮೂಲೆಯ ಕುರ್ಚಿ ಹುಡುಕುತ್ತಾನೆ, ಅವನನ್ನು ಯಾರೂ ನಾಚಿಕೆ ಸ್ವಭಾವದವನು ಎನ್ನುವುದಿಲ್ಲ. ಮೈ ಹಗುರವಾಗಿದ್ದರೆ ಮಾತು ತಾನಾಗಿ ಬರುತ್ತದೆ. ಮಕ್ಕಳ ಆರೋಗ್ಯ ಬೇರೆ, ಮಕ್ಕಳ ಒಡನಾಟ ಬೇರೆ ಎಂದು ಎರಡು ಖಾತೆ ತೆರೆಯುವ ಅಗತ್ಯವಿಲ್ಲ, ಎರಡೂ ಒಂದೇ ಪಾಸ್‌ಬುಕ್ಕಿನವು.

ಮೊದಲು ನಿದ್ದೆಯ ವಿಷಯ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಬೆಳಿಗ್ಗೆ ಆರೂವರೆಗೆ ಶಾಲೆಯ ಬಸ್ಸು ಬರುವ ಮನೆಯಲ್ಲಿ ಮಗು ಐದೂವರೆಗೆ ಏಳಬೇಕು. ಅಂದರೆ ರಾತ್ರಿ ಎಂಟೂವರೆಗೆ ಮಲಗಿದ್ದರೆ ಮಾತ್ರ ಒಂಬತ್ತು ಗಂಟೆಯ ಲೆಕ್ಕ ಕೂಡುತ್ತದೆ. ಪುಣೆಯ ಎಷ್ಟು ಮನೆಗಳಲ್ಲಿ ಎಂಟೂವರೆಗೆ ದೀಪ ಆರುತ್ತದೆ? ಆಗಿನ ರಾಜ್ಯಪಾಲ ರಮೇಶ್ ಬೈಸ್ ಅವರು 2023ರ ಡಿಸೆಂಬರ್‌ನಲ್ಲಿ ಮಕ್ಕಳ ನಿದ್ದೆಯ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದರು. ಅದಾದ ಮೇಲೆ ಮಹಾರಾಷ್ಟ್ರ ಸರಕಾರ 2024ರ ಫೆಬ್ರವರಿಯಲ್ಲಿ ನಾಲ್ಕನೇ ತರಗತಿಯವರೆಗಿನ ತರಗತಿಗಳು ಬೆಳಿಗ್ಗೆ ಒಂಬತ್ತರ ನಂತರ ಶುರುವಾಗಬೇಕೆಂದು ಆದೇಶ ಹೊರಡಿಸಿತು. ಎರಡು ಪಾಳಿ ನಡೆಸುವ ಶಾಲೆಗಳು, ಬಸ್ಸಿನವರು ತಕರಾರು ತೆಗೆದದ್ದು ಬೇರೆ ಮಾತು. ಸರಕಾರವೇ ಮಗುವಿನ ನಿದ್ದೆಗಾಗಿ ಗಡಿಯಾರ ಮುಂದೆ ಹಾಕುವಾಗ ಸಂಘಗಳು ಮಾತ್ರ ಭಾನುವಾರ ರಾತ್ರಿ ಹನ್ನೊಂದಕ್ಕೆ ಮಕ್ಕಳ ಊಟ ಇಟ್ಟುಕೊಳ್ಳುವುದು ಯಾವ ನ್ಯಾಯ? ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಗಡುವು 2000ನೇ ಇಸವಿಯ ನಿಯಮದಲ್ಲೇ ಇದೆ. ಮುಚ್ಚಿದ ಸಭಾಂಗಣಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಕೆಲವು ಕಾರ್ಯದರ್ಶಿಗಳು ವಾದಿಸುತ್ತಾರೆ. ಕಾನೂನಿನ ಪ್ರಕಾರ ಅವರ ಮಾತು ಸರಿ. ಆದರೆ ನಿದ್ದೆ ಕಾನೂನು ಓದಿಕೊಂಡು ಬರುವುದಿಲ್ಲ.

ತಡವಾಗುವುದಕ್ಕೆ ಕಾರಣವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಪುಣೆಯ ಸಂಘಗಳ ಬೆನ್ನೆಲುಬು ಹೋಟೆಲು ಉದ್ಯಮದವರು. ಭಾನುವಾರ ಎಲ್ಲರಿಗೂ ರಜೆಯಾದರೆ ಅವರಿಗೆ ಅದೇ ದುಡಿಮೆಯ ದಿನ. ಕೌಂಟರ್ ಬಿಟ್ಟು ಬರುವಾಗ ರಾತ್ರಿಯಾಗುತ್ತದೆ. ದಾನಿಗಳೂ ಅವರೇ, ಹಾಗಾಗಿ ಸನ್ಮಾನ ಅವರಿಗಾಗಿ ಕಾಯುತ್ತದೆ, ಸನ್ಮಾನ ಕಾಯುವುದರಿಂದ ಮಕ್ಕಳೂ ಕಾಯುತ್ತಾರೆ. ಆದರೆ ಹೋಟೆಲಿನವರಿಗೇ ಚೆನ್ನಾಗಿ ಗೊತ್ತಿರುವ ಒಂದು ವಿಷಯವಿದೆ. ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿಯ ಗಿರಾಕಿ ಶುರುವಾಗುವ ನಡುವೆ, ಮೂರರಿಂದ ಐದೂವರೆಯವರೆಗೆ, ಟೇಬಲ್‌ಗಳು ಖಾಲಿ. ಆ ಹೊತ್ತಿನಲ್ಲಿ ಒಂದು ಗಂಟೆ ಬಿಡುವು ಮಾಡಿಕೊಳ್ಳಬಹುದು. ಮಕ್ಕಳ ಕಾರ್ಯಕ್ರಮ ಮೂರೂವರೆಗೆ ಶುರುವಾಗಿ ಐದೂವರೆಗೆ ಮುಗಿಯಲಿ. ಮಗ ಕುಣಿಯುವುದನ್ನು ನೋಡಿ ಅಪ್ಪ ಗಲ್ಲಾಪೆಟ್ಟಿಗೆಗೆ ಮರಳಲಿ, ಸನ್ಮಾನಕ್ಕೆ ರಾತ್ರಿ ಮತ್ತೆ ಬರಲಿ. ಈಗಿನ ವ್ಯವಸ್ಥೆಯಲ್ಲಿ ಎಷ್ಟೋ ಅಪ್ಪಂದಿರು ಮಗಳ ನೃತ್ಯವನ್ನು ಮೊಬೈಲ್ ವೀಡಿಯೋದಲ್ಲೇ ನೋಡುತ್ತಿದ್ದಾರೆ.

ವೇದಿಕೆಯಿಂದ ಮಕ್ಕಳಿಗೆ ಧೈರ್ಯ ಬರುವುದಿಲ್ಲವೇ, ಸಭಾಕಂಪನ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಹೋಗುತ್ತದೆ. ಆದರೆ ವೇದಿಕೆಯಲ್ಲಿ ಎದುರುತ್ತರ ಕೊಡುವವರಿಲ್ಲ. ಮೈಕು ಹಿಡಿದು ಹತ್ತು ನಿಮಿಷ ಗಿಳಿಪಾಠ ಒಪ್ಪಿಸುವ ಹುಡುಗ ಲಿಫ್ಟ್‌ನಲ್ಲಿ ಸಿಕ್ಕ ತನ್ನದೇ ವಯಸ್ಸಿನ ಹುಡುಗನ ಎದುರು ತಲೆ ತಗ್ಗಿಸಿ ನಿಲ್ಲುವುದನ್ನು ಯಾವ ಸೊಸೈಟಿಯಲ್ಲೂ ನೋಡಬಹುದು. ಒಡನಾಟ ಎಂದರೆ ಕೊಡು-ಕೊಳ್ಳು. ಚೆಂಡಿಗಾಗಿ ಜಗಳ, ಮುನಿಸು, ಮತ್ತೆ ರಾಜಿ. ಅದನ್ನು ಯಾವ ಸಮಿತಿಯೂ ವೇದಿಕೆಯ ಮೇಲೆ ಏರ್ಪಡಿಸಲಾರದು.

ಯಕ್ಷಗಾನ ಕಲಿಯುವ ಮಕ್ಕಳಲ್ಲಿ ಮಾತ್ರ ಬೇರೆ ಚಿತ್ರ ಕಾಣುತ್ತದೆ. ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಹೆಜ್ಜೆ ಕಲಿಯುವಾಗ, ಒಬ್ಬ ತಪ್ಪಿದರೆ ಇನ್ನೊಬ್ಬ ನಗುವಾಗ, ವಿರಾಮದಲ್ಲಿ ಒಂದೇ ಪೊಟ್ಟಣದ ಚಕ್ಕುಲಿ ಹಂಚಿಕೊಳ್ಳುವಾಗ ಗೆಳೆತನ ಬೆಳೆದುಬಿಡುತ್ತದೆ. ಪ್ರದರ್ಶನದ ದಿನ ಆ ಗೆಳೆತನಕ್ಕೆ ಬರೀ ಬಣ್ಣ ಹಚ್ಚುತ್ತಾರೆ. ಹಾಗಿದ್ದ ಮೇಲೆ ಸಂಘಗಳು ಪ್ರದರ್ಶನಕ್ಕಿಂತ ಅಭ್ಯಾಸಕ್ಕೆ ಬೆಲೆ ಕೊಡಬೇಕು. ಈಗ ಆಗುತ್ತಿರುವುದೇನು? ಕೊರಿಯೋಗ್ರಾಫರ್ ವೀಡಿಯೋ ಕಳಿಸುತ್ತಾರೆ, ಪ್ರತಿ ಮಗುವೂ ತನ್ನ ಮನೆಯ ಹಾಲ್‌ನಲ್ಲಿ ಒಂಟಿಯಾಗಿ ಕುಣಿದು ಕಲಿಯುತ್ತದೆ. ಹನ್ನೆರಡು ಮಕ್ಕಳು ಒಟ್ಟಿಗೆ ಸೇರುವುದು ಒಂದೋ ಎರಡೋ ಸಲ. ವಾಕಡ್‌ನಿಂದ ಬಿಬ್ವೇವಾಡಿಗೆ ಅಭ್ಯಾಸಕ್ಕೆಂದು ಬರುವುದು ಕಷ್ಟವೇ, ಒಪ್ಪಬೇಕು. ಆದರೆ ಹನ್ನೆರಡು ಮಕ್ಕಳ ಒಂದು ತಂಡದ ಬದಲು ಹತ್ತಿರದ ಬಡಾವಣೆಗಳ ನಾಲ್ಕು ನಾಲ್ಕು ಮಕ್ಕಳ ಮೂರು ತಂಡ ಮಾಡಿದರೆ ಹೆಜ್ಜೆ ಸ್ವಲ್ಪ ತಪ್ಪಿದರೂ ಸ್ನೇಹ ಉಳಿಯುತ್ತದೆ.

ವಾರದ ದಿನಗಳ ಕತೆ ಇನ್ನೂ ಗಂಭೀರ. ಪುಣೆಯ ಕನ್ನಡ ಮಕ್ಕಳೆಂದರೆ ಒಂದೇ ಅಚ್ಚಿನವರಲ್ಲ. ಹಿಂಜೇವಾಡಿಯ ಐಟಿ ಕಂಪನಿಗಳಲ್ಲಿ ದುಡಿಯುವ ದಂಪತಿಯ ಮಗು ಶಾಲೆಯಿಂದ ಡೇಕೇರ್‌ಗೆ, ಅಲ್ಲಿಂದ ಹತ್ತನೇ ಮಹಡಿಯ ಫ್ಲ್ಯಾಟಿಗೆ. ಹೋಟೆಲ್ ಮ್ಯಾನೇಜರ್‌ರ ಮಗು ಕಾತ್ರಜ್‌ನ ಒಂದು ಬೆಡ್‌ರೂಮಿನ ಮನೆಯಲ್ಲಿ ಅಮ್ಮನ ಜತೆ. ಅಪ್ಪ ಬರುವಾಗ ಅದು ಮಲಗಿರುತ್ತದೆ, ಅದು ಹೊರಡುವಾಗ ಅಪ್ಪ ಮಲಗಿರುತ್ತಾನೆ. ಇವರಿಬ್ಬರ ನಡುವೆ ಯಾರ ಲೆಕ್ಕಕ್ಕೂ ಸಿಗದ ಮೂರನೆಯ ಮಗು ಒಂದಿದೆ. ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ಬಂದು ಇದೇ ಹತ್ತು ಮಹಡಿಗಳನ್ನು ಕಟ್ಟುವ ಕೂಲಿಕಾರರ ಮಗು. ಅದಕ್ಕೆ ಗೆಳೆಯರ ಬರವಿಲ್ಲ, ಮರಳಿನ ರಾಶಿಯ ಮೇಲೆ ದಿನವಿಡೀ ಎಂಟು ಹತ್ತು ಮಕ್ಕಳ ಗುಂಪಿರುತ್ತದೆ. ಅದಕ್ಕಿಲ್ಲದ್ದು ಶುದ್ಧ ನೀರು, ಚಪ್ಪಲಿ, ಶೌಚಾಲಯ. ಮೇಲಿನ ಮಹಡಿಯ ಮಗುವಿಗೆ ಆರ್‌ಒ ನೀರಿದೆ, ಗೆಳೆಯರಿಲ್ಲ. ಪುಣೆಯಲ್ಲಿ ತಾರಾ ಮೊಬೈಲ್ ಕ್ರೆಷಸ್, ಡೋರ್ ಸ್ಟೆಪ್ ಸ್ಕೂಲ್‌ನಂಥ ಸಂಸ್ಥೆಗಳು ಕಟ್ಟಡ ಕಾಮಗಾರಿಯ ಜಾಗಗಳಲ್ಲಿ ಈ ಮಕ್ಕಳಿಗಾಗಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿವೆ. ಕನ್ನಡ ರಾಜ್ಯೋತ್ಸವದ ಆಮಂತ್ರಣ ಅಲ್ಲಿಗೆ ಹೋದದ್ದು ಅಪರೂಪ. ಕನ್ನಡವನ್ನು ಸರಾಗವಾಗಿ ಮಾತಾಡುವ ಮಕ್ಕಳು ಬೇಕೆಂದರೆ ಅವರು ಅಲ್ಲೇ ಸಿಗುತ್ತಾರೆ!

ಮಾತಿನ ವಿಷಯ ಬಂತು. ಪುಣೆಯ ಕನ್ನಡ ಮಗುವಿನ ಕಿವಿಗೆ ಮನೆಯಲ್ಲಿ ತುಳು, ಕೊಂಕಣಿ ಅಥವಾ ಉತ್ತರ ಕರ್ನಾಟಕದ ಕನ್ನಡ, ಕೆಳಗಿನ ಅಂಗಳದಲ್ಲಿ ಮರಾಠಿ-ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಬೀಳುತ್ತದೆ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಪಾಲಕರು ಹೆದರಿ ಟ್ಯೂಷನ್ ಹುಡುಕುತ್ತಾರೆ. ಅಂಗಳದಲ್ಲಿ ಮರಾಠಿ ಮಾತಾಡುವ ಒಬ್ಬ ಗೆಳೆಯನಿದ್ದರೆ ಟ್ಯೂಷನ್ ಬೇಡ ಎನ್ನುವುದು ಅವರಿಗೆ ಹೊಳೆಯುವುದಿಲ್ಲ. ಹಿಂದಿನ ತಲೆಮಾರಿನವರು ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ ಊರಿನಿಂದ ಬಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತಾ ಎಂಟು ತಿಂಗಳಲ್ಲಿ ಅಚ್ಚ ಮರಾಠಿ ಕಲಿತದ್ದು ಯಾವ ಕ್ಲಾಸಿನಲ್ಲೂ ಅಲ್ಲ.

ಹೊಸ ಭಾಷೆಯ ನಡುವೆ ಬಿದ್ದ ಚಿಕ್ಕ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳವರೆಗೂ ಮೌನವಾಗಿರುವುದು ಸಹಜ. ಅದು ಕೇಳಿಸಿಕೊಳ್ಳುತ್ತಿರುತ್ತದೆ. ಆ ಅವಧಿಯಲ್ಲಿ “ಇವಳು ಮಾತೇ ಆಡಲ್ಲ” ಎಂದು ಅವಳ ಎದುರಲ್ಲೇ ಎಲ್ಲರಿಗೂ ಹೇಳಿದರೆ ಮಗು ಅದನ್ನೇ ತನ್ನ ಹೆಸರೆಂದು ನಂಬಿಬಿಡುತ್ತದೆ. ಇನ್ನು ರಜೆಯಲ್ಲಿ ಊರಿಗೆ ಹೋದಾಗ ಆಗುವುದು ಬೇರೆ. ಪುಣೆಯಿಂದ ಬಂದ ಮಗು ಬಾಯಿಬಿಟ್ಟರೆ ಮರಾಠಿ ಧಾಟಿಯ ಕನ್ನಡ, ದೊಡ್ಡಮ್ಮನ ಮಕ್ಕಳೆಲ್ಲ ಗೊಳ್ಳೆಂದು ನಗುತ್ತಾರೆ. ಹಿರಿಯರೂ ನಗುತ್ತಾರೆ, “ಇನ್ನೊಮ್ಮೆ ಹೇಳು ಮಗಾ” ಎನ್ನುತ್ತಾರೆ. ಮರುವರ್ಷ ಆ ಮಗು ಊರಲ್ಲಿ ಬಾಯಿಬಿಡುವುದಿಲ್ಲ. ಅದರ ಮರುವರ್ಷ ಊರಿಗೇ ಬರುವುದಿಲ್ಲ ಎನ್ನುತ್ತದೆ. ಕನ್ನಡ ಉಳಿಸಿ ಎಂದು ಭಾಷಣ ಮಾಡಿ ಕೆಳಗಿಳಿದವರೇ ಹೀಗೆ ನಗುವುದೂ ಉಂಟು.

ಆದರೆ ಎಲ್ಲ ಮೌನವೂ ಭಾಷೆಯದ್ದಲ್ಲ ಎಂಬ ಎಚ್ಚರವೂ ಬೇಕು. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದ, ಬೆರಳು ತೋರಿಸದ, ಕೈಬೀಸಿ ಟಾಟಾ ಮಾಡದ, ಒಂದೂವರೆ ವರ್ಷವಾದರೂ ಒಂದು ಪದ ಆಡದ, ಎರಡಾದರೂ ಎರಡು ಪದ ಜೋಡಿಸದ ಅಥವಾ ಕಲಿತ ಮಾತನ್ನು ಮರೆಯುತ್ತಿರುವ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. “ಮೂರು ಭಾಷೆಯಿಂದ ಗೊಂದಲವಾಗಿದೆ, ತಾನಾಗಿ ಸರಿಹೋಗುತ್ತೆ” ಎಂದು ಅಕ್ಕಪಕ್ಕದವರು ಹೇಳುವುದನ್ನು ನಂಬಿ ಎರಡು ವರ್ಷ ಕಳೆಯುವುದು ದೊಡ್ಡ ನಷ್ಟ. ಹೆಚ್ಚು ಭಾಷೆಗಳಿಂದ ಇಂಥ ತೊಂದರೆ ಹುಟ್ಟುವುದಿಲ್ಲ. ಕಿವಿಯ ಪರೀಕ್ಷೆ ಮೊದಲು ಆಗಬೇಕು. ಖಾಸಗಿ ಖರ್ಚು ಭರಿಸಲಾರದವರಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರಕಾರಿ ವ್ಯವಸ್ಥೆಯಲ್ಲೇ ಉಚಿತ ತಪಾಸಣೆಯಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮೊಬೈಲನ್ನು ಪೂರ್ತಿ ಬಿಟ್ಟು ಈ ವಿಷಯ ಮಾತಾಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಒಂದು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ದೊಡ್ಡ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಆಟ ಬೇಕು. 2020ರ ಮಾರ್ಚ್‌ನಲ್ಲಿ ಪುಣೆಯಲ್ಲಿ ರಾಜ್ಯದ ಮೊದಲ ಕೊರೊನಾ ಪ್ರಕರಣಗಳು ಕಂಡುಬಂದ ಮೇಲೆ ಶಾಲೆಗಳು ಮುಚ್ಚಿ, ಚಿಕ್ಕ ತರಗತಿಗಳ ಮಕ್ಕಳು ಹೆಚ್ಚುಕಡಿಮೆ ಎರಡು ವರ್ಷ ಮನೆಯೊಳಗೇ ಉಳಿದರು. ಆಗ ಮೂರು-ನಾಲ್ಕು ವರ್ಷದವರಾಗಿದ್ದವರು ಮಣ್ಣಿನಲ್ಲಿ ಬಿದ್ದು ಎದ್ದು ಜಗಳವಾಡಬೇಕಾದ ವಯಸ್ಸನ್ನು ಪರದೆಯ ಮುಂದೆ ಕಳೆದರು. ಅವರಲ್ಲಿ ಈಗ ಯಾರಾದರೂ ಬೆರೆಯಲು ಹಿಂದೇಟು ಹಾಕಿದರೆ ಗದರುವುದಕ್ಕಿಂತ ಕಾಯುವುದು ಮೇಲು.

ಹಾಗಾದರೆ ಮಾಡುವುದೇನು? ಮೊದಲನೆಯದು, ಜನಜಂಗುಳಿಗೆ ಮಗುವನ್ನು ತಳ್ಳಬಾರದು. ಇಪ್ಪತ್ತು ಮಕ್ಕಳ ಬರ್ತ್‌ಡೇ ಪಾರ್ಟಿಯಲ್ಲಿ ಕಲಿಯಲಾಗದ್ದನ್ನು ಮನೆಗೆ ಕರೆದ ಒಂದೇ ಮಗುವಿನಿಂದ ಕಲಿಯುತ್ತದೆ. ಶನಿವಾರ ಸಂಜೆ ನಾಲ್ಕರಿಂದ ಆರು ಎಂದು ಹೊತ್ತು ಮೊದಲೇ ಗೊತ್ತುಮಾಡಿ ಕರೆದರೆ ಸಾಕು. ಜಗಳ ಹತ್ತುವ ಮೊದಲೇ ಮುಗಿಯುವುದರಿಂದ ಮುಂದಿನ ವಾರವೂ ಆಸೆ ಉಳಿಯುತ್ತದೆ. ಪೀಡ್ಸಾ ತರಿಸಬೇಕಾಗಿಲ್ಲ, ಮಂಡಕ್ಕಿ ಒಗ್ಗರಣೆ ಸಾಕು. ಇನ್ನು ಸಮಾರಂಭಕ್ಕೆ ಹೋಗುವುದಾದರೆ ಎಲ್ಲರಿಗಿಂತ ಮೊದಲು ಹೋಗಬೇಕು. ಖಾಲಿ ಸಭಾಂಗಣ ಒಬ್ಬೊಬ್ಬರಾಗಿ ತುಂಬುವುದನ್ನು ನೋಡುವ ಮಗುವಿಗೆ ಭಯವಿಲ್ಲ, ತುಂಬಿದ ಸಭಾಂಗಣದ ಬಾಗಿಲಲ್ಲಿ ನಿಲ್ಲಿಸಿದ ಮಗುವಿಗೆ ಎದೆ ಹಾರುತ್ತದೆ.

ಕೈಗೆ ಒಂದು ಕೆಲಸ ಕೊಡುವುದು ಇನ್ನೊಂದು ಉಪಾಯ, ಊರಿನ ಹಿರಿಯರು ಬಲ್ಲದ್ದೇ. ಹಿಂದೆ ಮದುವೆ ಮನೆಯಲ್ಲಿ ಎಂಟು ವರ್ಷದ ಹುಡುಗನಿಗೆ ಉಪ್ಪು, ಉಪ್ಪಿನಕಾಯಿ ಬಡಿಸುವ ಕೆಲಸ ಕೊಡುತ್ತಿದ್ದರು. ಪ್ರತಿ ಎಲೆಯ ಮುಂದೆ ಬಗ್ಗಬೇಕು, ಪ್ರತಿ ಮುಖ ನೋಡಬೇಕು, “ಸಾಕಾ?” ಎಂದು ಕೇಳಬೇಕು. ನೂರು ಎಲೆ ಮುಗಿಯುವಾಗ ನಾಚಿಕೆ ಎಲ್ಲಿ ಹೋಯಿತೆಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಈಗ ಕ್ಯಾಟರಿಂಗ್‌ನವರ ಬಫೆ ಬಂದು ಆ ಪಾಠಶಾಲೆ ಮುಚ್ಚಿದೆ. ನೀರಿನ ಲೋಟ ಕೊಡುವುದು, ಬಂದವರಿಗೆ ಕಲ್ಲುಸಕ್ಕರೆ ಹಂಚುವುದು, ಕುರ್ಚಿ ಜೋಡಿಸುವುದನ್ನಾದರೂ ಮಕ್ಕಳಿಗೆ ಬಿಟ್ಟುಕೊಡಬಹುದು. ಕಾರ್ಯಕಾರಿ ಸಮಿತಿಯ ಹಿರಿಯರು ಆ ಹೊತ್ತಿಗೆ ಸ್ವಲ್ಪ ಕುಳಿತುಕೊಂಡರೂ ಅವರ ಮೊಣಕಾಲಿಗೆ ಒಳ್ಳೆಯದೇ.

ಆಟಕ್ಕೆ ಪುಣೆಯಲ್ಲಿ ಜಾಗವಿಲ್ಲ ಎನ್ನುವುದು ಅರ್ಧ ಸತ್ಯ. ಸಾರಸಬಾಗ್ ಇದೆ, ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನವಿದೆ, ಎರಂಡವಣೆಯ ಕಮಲಾ ನೆಹರೂ ಪಾರ್ಕ್ ಇದೆ, ತಳಜಾಯಿ, ಹನುಮಾನ್ ಟೇಕಡಿಗಳಿವೆ. ಸಾರಸಬಾಗ್ ಸಮೀಪದ ಗರವಾರೆ ಬಾಲಭವನ ಮಕ್ಕಳು ಸಂಜೆ ಸೇರಿ ಆಡಲೆಂದೇ 1980ರ ದಶಕದಲ್ಲಿ ಹುಟ್ಟಿಕೊಂಡದ್ದು. ಖೋಖೋ ಆಟದ ನಿಯಮಗಳನ್ನು 1914ರಲ್ಲಿ ಬರೆದದ್ದು ಪುಣೆಯಲ್ಲೇ. ಬ್ಯಾಡ್ಮಿಂಟನ್ನಿಗೆ ಒಂದು ಕಾಲದಲ್ಲಿ ‘ಪೂನಾ’ ಎಂದೇ ಹೆಸರಿತ್ತು. ಇಂಥ ಊರಿನಲ್ಲಿದ್ದು ಮಕ್ಕಳಿಗೆ ಆಟವಿಲ್ಲ ಎನ್ನುವುದು ಹೊಳೆಯ ದಡದಲ್ಲಿ ಕುಳಿತು ಬಾಯಾರಿಕೆ ಎಂದ ಹಾಗೆ. ಲಗೋರಿಯನ್ನೇ ನೋಡಿ. ಕನ್ನಡದಲ್ಲೂ ಲಗೋರಿ, ಮರಾಠಿಯಲ್ಲೂ ಲಗೋರಿ. ಏಳು ಕಲ್ಲು, ಒಂದು ಚೆಂಡು, ಅನುವಾದದ ಅಗತ್ಯವೇ ಇಲ್ಲ.

ಮೊಮ್ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ಬಂದ ಅಜ್ಜ-ಅಜ್ಜಿಯರಿಗೂ ಈ ಉದ್ಯಾನಗಳೇ ಔಷಧ. ಮರಾಠಿ ಬರುವುದಿಲ್ಲವೆಂದು ಅವರೂ ಬಾಲ್ಕನಿಯಲ್ಲೇ ದಿನ ಕಳೆಯುತ್ತಾರೆ. ಒಂದೇ ಬೆಂಚಿನಲ್ಲಿ ಇಬ್ಬರು ಅಜ್ಜಿಯರು ಕೂತರೆ ಎದುರಿನ ಜಾರುಬಂಡಿಯಲ್ಲಿ ಇಬ್ಬರು ಮೊಮ್ಮಕ್ಕಳು ಜೊತೆಯಾಗುತ್ತಾರೆ, ಇದಕ್ಕೆ ಸದಸ್ಯತ್ವ ಶುಲ್ಕವಿಲ್ಲ. ಡಿಸೆಂಬರ್-ಜನವರಿಯಲ್ಲಿ ಮಾತ್ರ ಅವರು ಬಿಸಿಲು ಏರಿದ ಮೇಲೆ ಹೊರಡಲಿ. ಕರಾವಳಿಯ ಸೆಕೆಗೆ ಒಗ್ಗಿದ ಮೈಗೆ ಪುಣೆಯ ಹತ್ತು ಡಿಗ್ರಿಯ ಬೆಳಗು ಒಗ್ಗುವುದಿಲ್ಲ.

ಮಕ್ಕಳು ಒಟ್ಟು ಸೇರುವ ಕಡೆ ರೋಗವೂ ಸೇರುತ್ತದೆ ಎಂಬುದನ್ನು ಪುಣೆಯವರಿಗೆ ಹೇಳಿಕೊಡಬೇಕಾಗಿಲ್ಲ. 2009ರ ಆಗಸ್ಟ್‌ನಲ್ಲಿ ಹಂದಿಜ್ವರಕ್ಕೆ ದೇಶದ ಮೊದಲ ಬಲಿಯಾದದ್ದು ಇದೇ ಊರಿನ ಶಾಲಾ ಬಾಲಕಿ. ಆದರೂ “ಸ್ವಲ್ಪ ಮೈ ಬಿಸಿ ಇತ್ತು, ಪ್ಯಾರಾಸಿಟಮಾಲ್ ಕೊಟ್ಟು ಕರೆದುಕೊಂಡು ಬಂದ್ವಿ, ಡ್ಯಾನ್ಸ್‌ನಲ್ಲಿ ಒಬ್ಬರು ಕಮ್ಮಿ ಆಗ್ತಾರಲ್ಲ” ಎನ್ನುವ ತಾಯಂದಿರು ಈಗಲೂ ಇದ್ದಾರೆ. ಜ್ವರದ ಮಗುವಿಗೆ ಮನೆಯೇ ಸುಖ. ಅದಿಲ್ಲದೆ ನೃತ್ಯ ಕೆಟ್ಟರೆ ಕೆಡಲಿ. 2024ರ ಜೂನ್-ಜುಲೈಯಲ್ಲಿ ಝೀಕಾ ಮೊದಲು ಕಂಡದ್ದು ಎರಂಡವಣೆಯಲ್ಲಿ. ಡೆಂಗಿಯಂತೂ ಪ್ರತಿ ಮಳೆಗಾಲದ ಅತಿಥಿ. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ. ಹಾಗಾಗಿ ಸಂಜೆಯ ಆಟಕ್ಕೆ ಹೋಗುವ ಮಗುವಿಗೆ ಪೂರ್ತಿ ತೋಳಿನ ಹತ್ತಿಬಟ್ಟೆ ಹಾಕಿದರಾಯಿತು, ಸೊಳ್ಳೆಯ ಹೆದರಿಕೆಗೆ ಆಟ ನಿಲ್ಲಿಸಬೇಕಾಗಿಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಿರ್ಕಟ್‌ವಾಡಿ, ನಾಂದೇಡ್ ಗ್ರಾಮ, ಧಾಯರಿ ಭಾಗದಲ್ಲಿ ಗಿಲಿಯನ್ ಬಾರೇ ಸಿಂಡ್ರೋಮ್ ಹಬ್ಬಿದಾಗ ಹಲವು ರೋಗಿಗಳ ಪರೀಕ್ಷೆಯಲ್ಲಿ ಕಲುಷಿತ ನೀರು-ಆಹಾರದಿಂದ ಬರುವ ಬ್ಯಾಕ್ಟೀರಿಯಾ ಕಂಡುಬಂತು. ಕುದಿಸಿದ ನೀರಿನ ಬಾಟಲಿ ಮಗುವಿನ ಜತೆ ಇರಲಿ. ಸಭಾಂಗಣದ ಡ್ರಮ್ಮಿನ ನೀರನ್ನು ಸಮಿತಿಯವರು ಒಮ್ಮೆ ತಾವೇ ಕುಡಿದು ನೋಡಲಿ.

ಶೌಚಾಲಯದ ಮಾತು ಯಾರಿಗೂ ಇಷ್ಟವಿಲ್ಲ, ಆದರೆ ಹೇಳಲೇಬೇಕು. ಶಾಲೆಯ ಶೌಚಾಲಯ ಗಲೀಜೆಂದು ಬೆಳಿಗ್ಗೆಯಿಂದ ನೀರನ್ನೇ ಕುಡಿಯದ ಹೆಣ್ಣುಮಕ್ಕಳು ಬಹಳ. ತಲೆನೋವು, ಮಲಬದ್ಧತೆ, ಉರಿಮೂತ್ರ ಎಲ್ಲ ಅಲ್ಲಿಂದಲೇ. ಕೊಂಡುಹೋದ ಬಾಟಲಿ ತುಂಬಿದ ಹಾಗೇ ಮನೆಗೆ ಮರಳಿದರೆ ತಾಯಿ ಬೈಯುವ ಮೊದಲು ಕಾರಣ ಕೇಳಬೇಕು. ಸಂಘದ ಸಭಾಂಗಣ ಗೊತ್ತುಮಾಡುವಾಗ ಎಸಿ ಇದೆಯೇ, ಪಾರ್ಕಿಂಗ್ ಇದೆಯೇ ಎಂದು ವಿಚಾರಿಸುವವರು ಮಕ್ಕಳ ಶೌಚಾಲಯಕ್ಕೆ ಚಿಲಕವಿದೆಯೇ ಎಂದೂ ನೋಡಿಕೊಳ್ಳಲಿ.

ರಾತ್ರಿಯ ಮರುಪ್ರಯಾಣವೂ ಆರೋಗ್ಯದ ಮಾತೇ. ಒಂದು ದ್ವಿಚಕ್ರ ವಾಹನದ ಮೇಲೆ ಅಪ್ಪ, ಅಮ್ಮ, ಮುಂದೆ ನಿಂತೇ ತೂಕಡಿಸುವ ಮಗ, ಮಧ್ಯೆ ಮಡಚಿಕೊಂಡ ಮಗಳು. ಹೆಲ್ಮೆಟ್ ಅಪ್ಪನಿಗೊಬ್ಬನಿಗೆ. ನಾಲ್ಕು ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕರೊಳಗಿನ ಮಗುವಿಗೆ ಹೆಲ್ಮೆಟ್ ಜತೆಗೆ ಸವಾರನಿಗೆ ಕಟ್ಟುವ ಪಟ್ಟಿ ಬೇಕು, ವೇಗ 40 ಕಿ.ಮೀ. ಮೀರಬಾರದು ಎಂದು ಕೇಂದ್ರದ 2022ರ ನಿಯಮವಿದೆ. ಕಾರಿರುವ ಸದಸ್ಯರು ಆ ಕಡೆ ಹೋಗುವ ಎರಡು ಮಕ್ಕಳನ್ನು ಕೂರಿಸಿಕೊಂಡರೆ ಹಿಂದಿನ ಸೀಟಿನಲ್ಲಿ ಮೂವರು ಮಕ್ಕಳು ಪರಸ್ಪರ ಹೆಸರು ಕೇಳಿಕೊಳ್ಳುತ್ತಾರೆ. ಇಡೀ ಕಾರ್ಯಕ್ರಮದಲ್ಲಿ ಆಗದ ಪರಿಚಯ ಚಾಂದನಿ ಚೌಕ ದಾಟುವುದರೊಳಗೆ ಆಗಿಬಿಡುತ್ತದೆ.

ಖರ್ಚಿನ ಮಾತಿಗೆ ಬಂದರೆ ಇದ್ಯಾವುದಕ್ಕೂ ದೊಡ್ಡ ನಿಧಿ ಬೇಕಾಗಿಲ್ಲ. ಎರಡು ಚೆಂಡು, ಒಂದು ಹಗ್ಗ, ಒಂದು ಜಮಖಾನ, ಒಂದು ಪಾತ್ರೆ ಮಜ್ಜಿಗೆ, ಅವಲಕ್ಕಿ. ಒಬ್ಬ ಗಣ್ಯರ ಶಾಲು-ಹಾರ-ಸ್ಮರಣಿಕೆಯ ವೆಚ್ಚದಲ್ಲಿ ಹತ್ತಿಪ್ಪತ್ತು ಮಕ್ಕಳ ಒಂದು ಸಂಜೆ ನಡೆದುಹೋಗುತ್ತದೆ. ಗಣೇಶನಗರದ ಕನ್ನಡ ಸಂಘದ ಡಾ. ಕಲ್ಮಾಡಿ ಶ್ಯಾಮರಾವ್ ಶಾಲೆಯಂಥ ಕಟ್ಟಡಗಳನ್ನು ಹಿರಿಯರು ಹಣ ಕೂಡಿಸಿ ಕಟ್ಟಿಸಿಕೊಟ್ಟಿದ್ದಾರೆ. ಸ್ವಂತ ಜಾಗವಿಲ್ಲದ ಸಂಘಗಳಿಗೆ ಯಾರದಾದರೂ ಸೊಸೈಟಿಯ ಕ್ಲಬ್‌ಹೌಸ್ ಸಾಕು. ತಿಂಗಳಿಗೊಂದು ಸಂಜೆ, ಮೈಕಿಲ್ಲದೆ, ಬಹುಮಾನವಿಲ್ಲದೆ, ಫೋಟೋ ಇಲ್ಲದೆ. ಬಹುಮಾನ ಇಟ್ಟ ಕೂಡಲೇ ಪಾಲಕರು ಗೆರೆಯೊಳಗೆ ಬಂದು ಆಡಲು ಶುರುಮಾಡುತ್ತಾರೆ!

ನವೆಂಬರ್ ಬಂದರೆ ರಾಜ್ಯೋತ್ಸವದ ಸಿದ್ಧತೆ, ಅದರ ಬೆನ್ನಿಗೆ ವಾರ್ಷಿಕೋತ್ಸವಗಳ ಸಾಲು. ಆಮಂತ್ರಣ ಪತ್ರಿಕೆಯ ಕರಡು ಪ್ರೆಸ್ಸಿಗೆ ಹೋಗುವ ಮುನ್ನ ಕಾರ್ಯದರ್ಶಿಗಳು ಗಣ್ಯರ ಹೆಸರುಗಳ ಇನಿಷಿಯಲ್ ಸರಿಯಿದೆಯೇ ಎಂದು ನಾಲ್ಕು ಸಲ ನೋಡುತ್ತಾರೆ. ಐದನೇ ಸಲ ನೋಡುವಾಗ ಕೆಳಗೆ ಎರಡು ಸಾಲು ಸೇರಿಸಲು ಜಾಗ ಖಂಡಿತ ಸಿಗುತ್ತದೆ: “ಮಧ್ಯಾಹ್ನ 3.30ರಿಂದ ಮಕ್ಕಳ ಕಾರ್ಯಕ್ರಮ ಮತ್ತು ಆಟ. ಸಂಜೆ 7.00ಕ್ಕೆ ಮಕ್ಕಳ ಊಟ.”